ಹನ್ನೆರಡು ಮಿಲಿಮೀಟರಿನ ಆಳು

ಮೂರು ಸಂಜೆ ಕೂತು ಬರೆದ ಚಿತ್ರವನ್ನು ಮಗಳು ಒಂದು ಗಳಿಗೆ ನೋಡಿದಳು. "ಅಪ್ಪಾ, ಬಸ್ ಸ್ಟ್ಯಾಂಡ್ ಥರ ಇದೆ." ಸಿಟ್ಟು ಬಂತು. ಆದರೆ ಸುಳ್ಳೇನೂ ಹೇಳಿರಲಿಲ್ಲ: ಆರು ಕಂಬ, ಮೇಲೊಂದು ಚಪ್ಪಟೆ ಚಾವಣಿ, ಕೆಳಗೆ ಕಾಯುತ್ತಾ ನಿಂತ ಮೂವರು.

ನಾನು ನಕಲು ಮಾಡಲು ಹೊರಟಿದ್ದು ಡೇವಿಡ್ ರಾಬರ್ಟ್ಸ್ ಬರೆದ, ಈಜಿಪ್ಟಿನ ಎಡ್ಫು ದೇವಾಲಯದ ಚಿತ್ರವನ್ನು. ಈ ಸ್ಕಾಟ್ಲೆಂಡಿನವನು ಮನೆಗಳಿಗೆ ಬಣ್ಣ ಹಚ್ಚುವ ಕೆಲಸ ಕಲಿತು, ನಾಟಕದ ಪರದೆ ಬರೆದು ಮೇಲೆ ಬಂದವನು. 1838ರ ನವೆಂಬರಿನಲ್ಲಿ ಅವನು ನೈಲ್ ನದಿಯ ದೋಣಿಯಿಂದಿಳಿದು ನೋಡಿದಾಗ ಹೋರಸ್ ದೇವರ ಆ ಗುಡಿ ಬೋದಿಗೆಗಳ, ಅಂದರೆ ಕಂಬದ ತಲೆಯ ಕೆತ್ತನೆಗಳ, ಹತ್ತಿರದವರೆಗೂ ಮರಳಲ್ಲಿ ಹೂತಿತ್ತು. ಊರವರು ಚಾವಣಿಯ ಮೇಲೇ ಮಣ್ಣಿನ ಮನೆ ಕಟ್ಟಿಕೊಂಡಿದ್ದರು. ಫ್ರಾನ್ಸಿನ ಪುರಾತತ್ವಜ್ಞ ಮಾರಿಯೆಟ್ ಅದನ್ನೆಲ್ಲ ತೆಗೆಸಿದ್ದು 1860ರ ದಶಕದಲ್ಲಿ.

ನಾನು ಕೆಟ್ಟದ್ದು ಫೋಟೋದಿಂದ. ಅಳತೆ ಸರಿ ಬರಲಿ ಅಂತ ಈಗಿನ ಎಡ್ಫುವಿನ ಫೋಟೋ ಪಕ್ಕದಲ್ಲಿಟ್ಟುಕೊಂಡು ಕಂಬಗಳನ್ನು ಬುಡದಿಂದ ತುದಿಯವರೆಗೂ ಎಳೆದೆ. ಮರಳನ್ನು ಆಮೇಲೆ ಮುಚ್ಚಿದರಾಯಿತು ಅಂದುಕೊಂಡೆ. ಮುಚ್ಚಲು ಮನಸ್ಸು ಬರಲಿಲ್ಲ, ಅಷ್ಟು ಕಷ್ಟಪಟ್ಟು ಎಳೆದದ್ದಲ್ಲವೇ! ಜನರನ್ನಂತೂ ಕೊನೆಗೆ ಜಾಗ ಸಿಕ್ಕಲ್ಲಿ ತುರುಕಿದೆ. ಕಂಬದ ಅರ್ಧಕ್ಕೆ ಬಂದರು.

ಎರಡನೇ ಹಾಳೆಯಲ್ಲಿ ಮೊದಲು ಬರೆದದ್ದೇ ಒಬ್ಬ ಆಳನ್ನು. ಮರಳ ದಿಬ್ಬದ ಮೇಲೆ, ಕಂಬದ ಪಕ್ಕ, 12 ಮಿಲಿಮೀಟರ್ ಎತ್ತರ. ಬೋದಿಗೆ ಅವನಿಗಿಂತ ದೊಡ್ಡದಾಗಿರಬೇಕು, ಅದೊಂದೇ ಲೆಕ್ಕ. ಬೋದಿಗೆಯೇ ಇಷ್ಟಿದ್ದರೆ ಕೆಳಗೆ ಹೂತದ್ದೆಷ್ಟು ಅಂತ ನೋಡುವವನ ಕಣ್ಣು ತಾನಾಗಿ ಅಗೆಯುತ್ತದೆ. ಪೂರ್ತಿ ಕಂಬ ತೋರಿಸಿದಾಗ ಬಾರದ ಎತ್ತರ, ಮುಚ್ಚಿದಾಗ ಬಂತು.

ಬಣ್ಣಕ್ಕೆ ಲೂಯಿ ಹಾಘ್‌ನ ದಾರಿ ಹಿಡಿದೆ. ರಾಬರ್ಟ್ಸ್‌ನ ಚಿತ್ರಗಳನ್ನು ಕಲ್ಲಚ್ಚಿಗೆ (ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಒತ್ತುವ ಅಚ್ಚು) ಇಳಿಸಿದವನು ಅವನೇ; ಬಲಗೈ ಹುಟ್ಟಿನಿಂದಲೇ ಊನ, ಬರೆದದ್ದೆಲ್ಲ ಎಡಗೈಯಲ್ಲಿ. ತೆಳು ಬಣ್ಣ ಒತ್ತುವ ಛಾಯೆಯ ಕಲ್ಲಿನಲ್ಲಿ ಬೆಳಕು ಬೀಳುವ ಜಾಗವನ್ನು ಕೆರೆದು ಬಿಟ್ಟರೆ ಅಲ್ಲಿ ಕಾಗದದ ಬಿಳುಪೇ ಉಳಿಯುತ್ತದೆ. ನಾನೂ ಹಾಳೆಗೆಲ್ಲ ಯೆಲ್ಲೋ ಓಕರ್‌ನ (ಮಣ್ಣಿನ ಹಳದಿ) ತೆಳು ವಾಷ್ ಕೊಟ್ಟು, ಬಿಸಿಲು ಬಿದ್ದ ಅಂಚುಗಳನ್ನು ಮಾತ್ರ ಬಣ್ಣ ತಾಕಿಸದೆ ಒಣ ಕಾಗದವಾಗಿಯೇ ಬಿಟ್ಟೆ. ನೆರಳಿಗೆ ಕಪ್ಪು ಮುಟ್ಟಲಿಲ್ಲ. ಬರ್ನ್ಟ್ ಸಿಯೆನಾ ಎಂಬ ಕೆಂಗಂದಿಗೆ ಒಂದಿಷ್ಟು ನೀಲಿ, ಅಷ್ಟೇ.

ಚಿತ್ರಲಿಪಿ ಮಾತ್ರ ಎರಡು ಸಲ ಕೈಕೊಟ್ಟಿತು. ಒಂದೊಂದು ಹಕ್ಕಿಯನ್ನೂ ಬಿಡದೆ ಬರೆದರೆ ಗೋಡೆ ರಂಗೋಲಿಯಾಗುತ್ತದೆ. ಹತ್ತಿರದ ಒಂದು ಕಂಬದಲ್ಲಿ ನಾಲ್ಕೈದು ಗುರುತು ಬಿಡಿಸಿ, ಉಳಿದೆಡೆ ಒದ್ದೆ ಕುಂಚದಿಂದ ಒರೆಸಿ ಮಸುಕು ಮಾಡಿದೆ.

ಇಷ್ಟಾದ ಮೇಲೂ ಮುಂಭಾಗದಲ್ಲಿ ಒಬ್ಬ ಪೇಟದವನು ಅಳತೆ ಮೀರಿದ. ಬ್ಲೇಡಿನಿಂದ ಕೆರೆದೆ, ಕಾಗದ ನಾರೆದ್ದಿತು. ಅಲ್ಲಿಗೆ ಒಣ ಕುಂಚದಿಂದ ಓಕರ್ ಉಜ್ಜಿದೆ. ಇಡೀ ಚಿತ್ರದಲ್ಲಿ ಮರಳು ಅಂದರೆ ಮರಳೇ ಅನ್ನಿಸುವುದು ಆ ಗಾಯದ ಜಾಗ ಒಂದೇ.