ಕ್ರೀಟಿನ ರಾಕಿ: ತಾಮ್ರದ ಹಂಡೆಯಿಂದ ಅತಿಥಿಯ ಮೇಜಿಗೆ

ಗ್ರೀಸಿನ ಕ್ರೀಟ್ ದ್ವೀಪದಲ್ಲಿ, ಹೆರಾಕ್ಲಿಯೋನ್ ನಗರದ ದಕ್ಷಿಣಕ್ಕೆ ಹಬ್ಬಿರುವ ದ್ರಾಕ್ಷಿತೋಟಗಳ ನಡುವಿನ ಸಣ್ಣ ಅತಿಥಿಗೃಹವೊಂದರ ಅಡುಗೆ ಮತ್ತು ಉಪಚಾರ ನನ್ನ ಹೊಣೆ. ಇಲ್ಲಿ ಊಟ ಮುಗಿಸಿದವರು ಬಿಲ್ಲು ಕೇಳಿದೊಡನೆ ಪುಟ್ಟ ಗಾಜಿನ ಹೂಜಿಯಲ್ಲಿ ತಣ್ಣಗಿನ ರಾಕಿ (ದ್ರಾಕ್ಷಿಯಿಂದ ಬಟ್ಟಿ ಇಳಿಸಿದ ಮದ್ಯ), ಗುಟುಕು ಹಿಡಿಯುವಷ್ಟೇ ಚಿಕ್ಕ ಲೋಟಗಳು ಮತ್ತು ಹೆಚ್ಚಿದ ಹಣ್ಣು ಮೇಜಿಗೆ ಹೋಗಲೇಬೇಕು. ಅದಕ್ಕೆ ದುಡ್ಡು ಹಿಡಿಯುವ ಪದ್ಧತಿಯಿಲ್ಲ. ಮಲೆನಾಡಿನ ನಮ್ಮ ಮನೆಯಲ್ಲಿ ಬಂದವರ ಮುಂದೆ ಬೆಲ್ಲ-ನೀರು ಇಡುತ್ತಿದ್ದುದನ್ನು ನೋಡಿ ಬೆಳೆದ ನನಗೆ ಈ ಕ್ರಮವನ್ನು ಯಾರೂ ವಿವರಿಸಬೇಕಾಗಲಿಲ್ಲ. ಆದರೆ ರಾಕಿ ಇಳಿಸುವ ಕೆಲಸವನ್ನು ಮಾತ್ರ ಒಲೆಯ ಮುಂದೆ ಕುಳಿತೇ ಕಲಿಯಬೇಕಾಯಿತು.

ವೈನಿಗಾಗಿ ರಸ ಹಿಂಡಿದ ಮೇಲೆ ಉಳಿಯುವ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳ ಹಿಪ್ಪೆಯೇ ಇದರ ಮೂಲ. ಅದನ್ನು ಪೀಪಾಯಿಗಳಲ್ಲಿ ಒತ್ತಿ ತುಂಬಿ, ಗಾಳಿಯಾಡದಂತೆ ಮುಚ್ಚಿ, ಸುಮಾರು 40 ದಿನ ಹುಳಿಯಲು ಬಿಡುತ್ತೇವೆ. ಅಕ್ಟೋಬರ್-ನವೆಂಬರ್ ಹೊತ್ತಿಗೆ, ಊರಿನಲ್ಲಿ ಬಟ್ಟಿ ಇಳಿಸಲು ಪರವಾನಗಿ ಇರುವ ಹಂಡೆಯ ಮನೆಯಲ್ಲಿ ಒಂದೊಂದು ಕುಟುಂಬಕ್ಕೂ ಸರದಿ ಬರುತ್ತದೆ. ಕ್ರೀಟಿನವರೇ ಆದ ಪ್ರಧಾನಿ ಎಲೆಫ್ಥೇರಿಯೋಸ್ ವೆನಿಝೇಲೋಸ್ ಅವರ ಸರ್ಕಾರ 1920ರಲ್ಲಿ ದ್ರಾಕ್ಷಿ ಬೆಳೆಗಾರರಿಗೆ ಬಟ್ಟಿ ಇಳಿಸುವ ಪರವಾನಗಿ ನೀಡಿತೆಂದೂ, ಈಗಿನ ಹಂಡೆಗಳಲ್ಲಿ ಹಲವು ಆ ಪರವಾನಗಿಯನ್ನೇ ತಲೆಮಾರಿನಿಂದ ತಲೆಮಾರಿಗೆ ಸಾಗಿಸಿಕೊಂಡು ಬಂದವೆಂದೂ ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ.

ಹಂಡೆಗೆ ಹಿಪ್ಪೆ ಮತ್ತು ಸ್ವಲ್ಪ ನೀರು ಹಾಕಿ, ತಳ ಹಿಡಿಯದಂತೆ ಕೈಯಾಡಿಸಿ, ಮುಚ್ಚಳ ಕೂರಿಸಿದ ಮೇಲೆ ಅಂಚಿನ ಸಂದಿಗೆ ಹಿಟ್ಟಿನ ಕಣಕವನ್ನು ಮೆತ್ತಬೇಕು. ಬಿಸಿಗೆ ಕಣಕ ಗಟ್ಟಿಯಾಗಿ ಆವಿ ಸೋರುವುದು ನಿಲ್ಲುತ್ತದೆ. ಆವಿ ಕೊಳವೆಯೊಳಗೆ ತಣ್ಣೀರಿನ ತೊಟ್ಟಿಯ ಮೂಲಕ ಹಾದು, ಆಚೆ ಬದಿಯಲ್ಲಿ ಸಣ್ಣ ಧಾರೆಯಾಗಿ ಇಳಿಯುತ್ತದೆ. ಬೆಂಕಿ ಜೋರಾದರೆ ಹಿಪ್ಪೆ ಸೀದು, ಆ ವಾಸನೆ ರಾಕಿಗೆ ಹತ್ತಿಬಿಡುತ್ತದೆ. ನಾನು ಸೌದೆ ಎತ್ತಿದಾಗಲೆಲ್ಲ ಹಂಡೆಯ ಹಿರಿಯರು, “ನಿಧಾನ ಮಗಾ, ನಿಧಾನ” ಎನ್ನುತ್ತಿದ್ದರು. ಮೊದಲು ಇಳಿಯುವ ಪಾಲು ಮೂಗಿಗೆ ಚುಚ್ಚುವಷ್ಟು ತೀಕ್ಷ್ಣವಾಗಿರುತ್ತದೆ. ಅದನ್ನು ಕುಡಿಯಲು ಕೊಡದೆ, ಶೀತವಾದಾಗ ಮೈಗೆ ತಿಕ್ಕಲೆಂದು ಬೇರೆ ಸೀಸೆಯಲ್ಲಿ ಇಡುತ್ತಾರೆ. ಮಧ್ಯದ ಪಾಲೇ ಕುಡಿಯತಕ್ಕದ್ದು. ಕೊನೆಗೆ ಧಾರೆ ಸಪ್ಪೆಯಾಗತೊಡಗಿದಾಗ, ಮದ್ಯದ ತೀಕ್ಷ್ಣತೆ ಅಳೆಯುವ ಕಡ್ಡಿ ತೇಲಿಸಿ ನೋಡಿ, ಪಾತ್ರೆ ಬದಲಿಸುತ್ತಾರೆ. ಐರೋಪ್ಯ ಒಕ್ಕೂಟದ ನಿಯಮದಂತೆ ಹಿಪ್ಪೆಯ ಮದ್ಯದಲ್ಲಿ ಆಲ್ಕೋಹಾಲ್ ಶೇಕಡ 37.5ಕ್ಕಿಂತ ಕಡಿಮೆ ಇರುವಂತಿಲ್ಲ. ಮನೆಯ ರಾಕಿ ಸಾಮಾನ್ಯವಾಗಿ ಅದಕ್ಕಿಂತ ಖಾರ. ಗ್ರೀಸಿನ ಇನ್ನೊಂದು ಮದ್ಯವಾದ ಊಜೋಗೆ ಬೆರೆಸುವಂತೆ ಇದಕ್ಕೆ ಸೋಂಪು ಬೆರೆಸದ ಕಾರಣ ನೀರು ಹಾಕಿದರೂ ಬೆಳ್ಳಗಾಗುವುದಿಲ್ಲ.

ಒಂದು ಹಂಡೆ ಇಳಿಯಲು ಮೂರು ಗಂಟೆಯಾದರೂ ಬೇಕಾದ್ದರಿಂದ ಕಾಯುವುದೇ ಹಬ್ಬವಾಗುತ್ತದೆ. ಕೆಂಡದಲ್ಲಿ ಹೂತ ಆಲೂಗಡ್ಡೆ, ಸುಟ್ಟ ಹಂದಿಮಾಂಸ, ಆಲಿವ್ ಕಾಯಿ, ಬಿಡಿಸಿದ ದಾಳಿಂಬೆ ಎಲ್ಲವೂ ಬರುತ್ತವೆ. ದಾರಿಹೋಕ ಇಣುಕಿದರೂ ಅವನ ಕೈಗೆ ಲೋಟ ಬರುತ್ತದೆ. ಯಾರಾದರೂ ಲೀರಾ ಎಂಬ ತಂತಿವಾದ್ಯ ನುಡಿಸಲು ತೊಡಗಿದರೆಂದರೆ, ಪ್ರಾಸ ಕೂಡಿದ ದ್ವಿಪದಿಗಳನ್ನು ಒಬ್ಬರು ಹಾಡಿ ಇನ್ನೊಬ್ಬರು ಉತ್ತರ ಕೊಡುವ ಮಂತಿನಾದಾ ನಡುರಾತ್ರಿಯವರೆಗೂ ನಡೆಯುತ್ತದೆ.

ನಾನು ಮದ್ಯ ಕುಡಿಯುವವಳಲ್ಲ. ಇಂಥ ಊರಿನಲ್ಲಿ ಅದು ತೊಡಕಾಗಬಹುದೆಂದು ಅಂಜಿದ್ದೆನಾದರೂ, ಲೋಟವನ್ನು ತಳ್ಳದೆ ಎತ್ತಿ, ಎದುರಿನವರ ಕಣ್ಣು ನೋಡಿ ತಾಗಿಸಿ, ತುಟಿಗೆ ಮುಟ್ಟಿಸಿ ಕೆಳಗಿಟ್ಟರೆ ಯಾರೂ ಒತ್ತಾಯಿಸುವುದಿಲ್ಲ ಎಂಬುದು ಬೇಗ ತಿಳಿಯಿತು. ನನ್ನ ಅತಿಥಿಗಳಿಗೂ ಇದನ್ನೇ ಹೇಳಿಕೊಡುತ್ತೇನೆ. ಕಾರು ಓಡಿಸುವವರಿಗೆ ಮಾತ್ರ ಲೋಟದ ಬದಲು ಹಣ್ಣಿನ ತಟ್ಟೆಯನ್ನೇ ದೊಡ್ಡದು ಮಾಡುತ್ತೇನೆ. ಈ ವಿಷಯದಲ್ಲಿ ಮನೆಯ ಹಿರಿಯರ ಉದಾರತೆಗೆ ನಾನು ಸೊಪ್ಪು ಹಾಕುವುದಿಲ್ಲ. ಚಳಿಗಾಲದಲ್ಲಿ ಬರುವವರಿಗೆ ಜೇನು, ದಾಲ್ಚಿನ್ನಿ, ಲವಂಗ ಹಾಕಿ ಬೆಚ್ಚಗೆ ಮಾಡಿದ ರಾಕೋಮೆಲೋ ಕೊಡುತ್ತೇನೆ. ಅದನ್ನು ಕುದಿಯಲು ಬಿಡಬಾರದು, ಹಬೆಯಾಡಿದ ಕೂಡಲೇ ಇಳಿಸಬೇಕು.

ಹೊರಡುವವರ ಕೈಗೆ ಮನೆಯವರು ರಾಕಿ ತುಂಬಿದ ಹಳೆಯ ನೀರಿನ ಬಾಟಲಿಯನ್ನು ಕೊಟ್ಟೇ ಕೊಡುತ್ತಾರೆ. ವಿಮಾನದ ಕೈಚೀಲದಲ್ಲಿ ಅದು ಸಾಗದು, ಮೇಲಾಗಿ ನೋಡಲು ನೀರಿನಂತೆಯೇ ಇರುತ್ತದೆ. ಆದ್ದರಿಂದ ನಾನು ಅದನ್ನು ಗಾಜಿನ ಸೀಸೆಗೆ ಬಗ್ಗಿಸಿ, ಬಿರಡೆ ಬಿಗಿದು, ದಪ್ಪ ಅಕ್ಷರಗಳಲ್ಲಿ ರಾಕಿ ಎಂದು ಬರೆದ ಚೀಟಿ ಅಂಟಿಸಿ, ದೊಡ್ಡ ಪೆಟ್ಟಿಗೆಯ ಬಟ್ಟೆಗಳ ನಡುವೆ ಇಡಲು ಹೇಳಿ ಕಳುಹಿಸುತ್ತೇನೆ.