ಹಗಲು ನಿದ್ದೆ ಕೆಡಿಸೋರು ದೊಡ್ಡವರೇ

"ಹಗಲು ಮಲಗೋದೇ ಇಲ್ಲ ಆಂಟಿ, ಹತ್ತು ನಿಮಿಷಕ್ಕೆ ಎದ್ದುಬಿಡುತ್ತೆ." ನಮ್ಮ ಬೀದಿಯ ಬಾಣಂತಿಯರೆಲ್ಲರದೂ ಇದೇ ದೂರು. ಮಲಗುತ್ತದೆ ಕಣಮ್ಮಾ, ನೀವು ಬಿಡಬೇಕಲ್ಲ! ಮಗು ಆಕಳಿಸಿರುತ್ತದೆ, ಕಣ್ಣು ಉಜ್ಜಿಕೊಂಡಿರುತ್ತದೆ, ಹುಬ್ಬಿನ ಸುತ್ತ ಕೆಂಪಾಗಿರುತ್ತದೆ. ಅದೇ ಹೊತ್ತಿಗೆ ದುಬೈಯಿಂದ ಚಿಕ್ಕಪ್ಪನ ವಿಡಿಯೋ ಕಾಲ್ ಬರುತ್ತದೆ. ಪಾಪು ನಗಬೇಕು, ಗಿಲಕಿ ಆಡಿಸಬೇಕು. ಆಮೇಲೆ ರಚ್ಚೆ ಹಿಡಿಯಿತು ಅಂತ ಹೆಗಲ ಮೇಲೆ ಹಾಕಿಕೊಂಡು ಕುಣಿಸುತ್ತೀರಿ. ಅಷ್ಟು ಹೊತ್ತಿಗೆ ನಿದ್ದೆಯ ಹದ ದಾಟಿ ಆಗಿರುತ್ತದೆ.

ಮೂರು ತಿಂಗಳ ಒಳಗಿನ ಕೂಸು ಒಂದು ಗಂಟೆ, ಒಂದೂವರೆ ಗಂಟೆ ಎಚ್ಚರ ಇದ್ದರೆ ಅದೇ ಜಾಸ್ತಿ. ಆ ವಯಸ್ಸಿಗೆ ಹಗಲು ರಾತ್ರಿ ಸೇರಿ 14ರಿಂದ 17 ಗಂಟೆ ನಿದ್ದೆ ಬೇಕು, ನಾಲ್ಕು ತಿಂಗಳಾದ ಮೇಲೆ ವರ್ಷ ತುಂಬುವ ತನಕ 12ರಿಂದ 16 ಅಂತ ವಿಶ್ವ ಆರೋಗ್ಯ ಸಂಸ್ಥೆಯವರೇ 2019ರಲ್ಲಿ ಹೇಳಿದ್ದಾರೆ. ಅಜ್ಜಿ ಮಾತು ಬೇಡ ಅಂದರೆ ಅವರ ಮಾತಾದರೂ ಕೇಳಿ. ಹಗಲು ಎಚ್ಚರ ಇಟ್ಟರೆ ರಾತ್ರಿ ಚೆನ್ನಾಗಿ ಮಲಗುತ್ತದೆ ಅನ್ನುವವರ ಲೆಕ್ಕ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ದಣಿದ ಮಗು ರಾತ್ರಿಯೂ ಕುಯ್ಯೋ ಅಂತಲೇ ಇರುತ್ತದೆ.

ಎಣ್ಣೆ ನೀರು ಹಾಕುವುದು ನಿಮಗೆ ಗೊತ್ತೇ ಇದೆ. ಅಂಗೈಯಲ್ಲಿ ಒಂದಿಷ್ಟು ಕೊಬ್ಬರಿ ಎಣ್ಣೆ, ಮೊಣಕೈಗೆ ಹಿತ ಅನ್ನಿಸುವಷ್ಟು ಬಿಸಿನೀರು. ನಮ್ಮತ್ತೆ ಬಚ್ಚಲಲ್ಲಿ ಮಣೆ ಹಾಕಿ ಕಾಲು ಚಾಚಿ ಕೂತರೆ, ನೀರು ಮುಗಿಯುವಷ್ಟರಲ್ಲಿ ಕೂಸು ಅರ್ಧ ನಿದ್ದೆಯಲ್ಲಿರುತ್ತಿತ್ತು. ಆಮೇಲೆ ಮನೆ ತುಂಬ ಲೋಬಾನದ ಹೊಗೆ ಹಾಕುತ್ತಿದ್ದರು. ಅದೊಂದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಷ್ಟು ಪುಟ್ಟ ಶ್ವಾಸಕೋಶಕ್ಕೆ ಹೊಗೆ ಯಾಕೆ? ಮೆತ್ತಗಿನ ಬಟ್ಟೆಯಲ್ಲಿ ತಲೆ ಒರೆಸಿ, ಹೊಟ್ಟೆ ತುಂಬ ಹಾಲು ಕುಡಿಸಿ, ತೇಗು ಬರಿಸಿ, ಅಷ್ಟೇ. ನಿದ್ದೆ ಬರಲಿ ಅಂತ ಬಜೆ ತೇಯ್ದು ಜೇನಲ್ಲಿ ಕಲಸಿ ನೆಕ್ಕಿಸುವವರು ಇನ್ನೂ ಇದ್ದಾರೆ. ಬೇಡ. ಬೊಟುಲಿಸಂ ಅನ್ನುವ ಕೆಟ್ಟ ಕಾಯಿಲೆಯ ರೋಗಾಣು ಜೇನಲ್ಲಿ ಇರಬಹುದು. ವರ್ಷ ತುಂಬುವ ತನಕ ಜೇನು ಬಾಯಿಗೆ ತಾಗಿಸಲೇಬಾರದು.

ಈಗ ಪಂಚೆಯ ವಿಷಯ. ಇದನ್ನು ಹೇಳಲಿಕ್ಕೇ ನಾನು ಬರೆಯಲು ಕೂತದ್ದು. ಮಡಿಲಲ್ಲಿ ಗಾಢವಾಗಿ ಮಲಗಿದ್ದ ಮಗು ಹಾಸಿಗೆಗೆ ಇಟ್ಟ ತಕ್ಷಣ ಕಣ್ಣು ಬಿಡುತ್ತದೆ, ಅಲ್ವಾ? ಹಾಸಿಗೆ ತಣ್ಣಗಿರುತ್ತದೆ, ನೀವು ತಲೆಯನ್ನು ಮೊದಲು ಇಳಿಸುತ್ತೀರಿ, ಮಗುವಿಗೆ ಬಿದ್ದ ಹಾಗಾಗಿ ಕೈ ಎರಡೂ ಮೇಲೆ ಎಗರಿಸಿ ಬೆಚ್ಚಿ ಬೀಳುತ್ತದೆ. ಅದಕ್ಕೇ ಹಳೇ ಪಂಚೆ ಬೇಕು. ಮನೆಯ ಗಂಡಸರು ಉಟ್ಟು ಉಟ್ಟು ಒಗೆದು ಒಗೆದು ಮೆತ್ತಗಾದ ಹತ್ತಿ ಪಂಚೆ. ಹೊಸದು ಕೆಲಸಕ್ಕೆ ಬರುವುದಿಲ್ಲ, ಗಂಜಿ ಹಾಕಿದ್ದಂತೂ ಬೇಡವೇ ಬೇಡ. ಬಿಸಿಲಲ್ಲಿ ಒಣಗಿಸಿ, ಮಡಿಸುವ ಮುಂಚೆ ಚೆನ್ನಾಗಿ ಕೊಡವಿ. ಹಾಲಿನ ವಾಸನೆಗೆ ಇರುವೆ ಮಡಿಕೆಯೊಳಗೆ ಸೇರಿರುತ್ತದೆ.

ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಮೊದಲೇ ನಿಮ್ಮ ಮಡಿಲಿಗೆ ಹಾಸಿಕೊಳ್ಳಿ. ಹಾಲು ಕೊಡುವುದು, ತಟ್ಟುವುದು ಎಲ್ಲ ಅದರ ಮೇಲೆಯೇ. ಮಗುವಿನ ಬಿಸಿ, ನಿಮ್ಮ ಮೈವಾಸನೆ ಎರಡೂ ಬಟ್ಟೆಗೆ ಇಳಿಯುತ್ತದೆ. ಕಣ್ಣು ಮುಚ್ಚಿತು ಅಂತ ಎದ್ದು ಓಡಬೇಡಿ. ಮುಷ್ಟಿ ನೋಡಿ. ಬಿಗಿ ಇದ್ದರೆ ಇನ್ನೂ ನಿದ್ದೆ ಹತ್ತಿಲ್ಲ. ಬೆರಳು ತಾನಾಗಿ ಬಿಚ್ಚಿಕೊಂಡು, ತೋಳೆತ್ತಿ ಬಿಟ್ಟರೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದರೆ ಆಗ ಏಳಿ. ಒಂದು ಕೈ ಕತ್ತಿನ ಕೆಳಗೆ, ಇನ್ನೊಂದು ಸೊಂಟದ ಕೆಳಗೆ, ಪಂಚೆ ಸಮೇತ ಎತ್ತಿ. ಹಾಸಿಗೆಗೆ ಮೊದಲು ಅಂಡು ತಾಗಬೇಕು, ಆಮೇಲೆ ಬೆನ್ನು, ಕೊನೆಗೆ ತಲೆ. ಕೈಯನ್ನು ಸರ್ರನೆ ಎಳೆಯಬೇಡಿ. ಒಂದು ಅಂಗೈಯನ್ನು ಎದೆಯ ಮೇಲೆ ಭಾರ ಬಿಡದೆ ಇಟ್ಟು, ನಾಲ್ಕಾರು ಉಸಿರು ಕಾದು, ಒಂದೊಂದೇ ಬೆರಳು ಎತ್ತಿ. ನಗಬೇಡಿ, ಮಾಡಿ ನೋಡಿ. ಪಂಚೆಯ ಅಂಚನ್ನೆಲ್ಲ ಬಿಗಿಯಾಗಿ ಹಾಸಿಗೆಯಡಿಗೆ ಸಿಕ್ಕಿಸಿ, ಮುಖದ ಹತ್ತಿರ ಬಟ್ಟೆ ಸುಳಿಯಬಾರದು. ಅಂಗಾತವೇ ಮಲಗಿಸಿ. ಸಾಸಿವೆ ದಿಂಬು ಸೇರಿ ಯಾವ ದಿಂಬೂ ಬೇಡ, ಒಳಗೆ ಮಲಗುವಾಗ ಕುಲಾವಿಯೂ ಬೇಡ.

ಸೀರೆ ಜೋಲಿ ಕಟ್ಟಿದ್ದೀರಾ? ಎದುರಿಗೇ ಕೂತು ತೂಗಿ, ನಿದ್ದೆ ಹತ್ತಿದ ಮೇಲೆ ಸಮತಟ್ಟಾದ ಹಾಸಿಗೆಗೆ ತನ್ನಿ. ಜೋಲಿಯಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ಒತ್ತಿದರೆ ಉಸಿರಿಗೆ ಕಷ್ಟ.

ಮಗು ಮಲಗಿದೆ ಅಂತ ಮನೆಯವರೆಲ್ಲ ತುದಿಗಾಲಲ್ಲಿ ಓಡಾಡುವುದು ಹೊಸ ಫ್ಯಾಷನ್. ಕುಕ್ಕರ್ ಕೂಗಲಿ, ತರಕಾರಿಯವನು ಕೂಗಲಿ, ಮೊದಲಿಂದಲೂ ಕೇಳಿದ ಸದ್ದಿಗೆ ಮಗು ಒಗ್ಗಿಕೊಳ್ಳುತ್ತದೆ. ಮುಕ್ಕಾಲು ಗಂಟೆ ಆಗುತ್ತಿದ್ದ ಹಾಗೆ ಒಮ್ಮೆ ಮಿಸುಕುತ್ತದೆ, ಕುಂಯ್ ಅನ್ನುತ್ತದೆ. ಆಗಲೇ ಬಾಚಿ ಎತ್ತಿಕೊಂಡರೆ ಅರ್ಧ ನಿದ್ದೆಗೆ ಕಲ್ಲು ಹಾಕಿದಿರಿ ಅಂತ ತಿಳಿಯಿರಿ. ಪಕ್ಕದಲ್ಲಿ ಸುಮ್ನೆ ನಿಂತು ನೋಡಿ. ಎಷ್ಟೋ ಸಲ ಬಾಯಿ ಚಪ್ಪರಿಸಿ ಮತ್ತೆ ಮಲಗುತ್ತದೆ. ನಿಜವಾದ ಅಳುವಾದರೆ ನಿಮಗೇ ಗೊತ್ತಾಗುತ್ತದೆ.

ದೀಪ ಹಚ್ಚುವ ಹೊತ್ತಲ್ಲಿ ಮಲಗಬಾರದು ಅನ್ನುವ ಮಾತು ಎಳೆಗೂಸಿಗೆ ಅಲ್ಲ, ಅದು ಬೇಕಾದಾಗ ಮಲಗಲಿ. ಆದರೆ ಆರೇಳು ತಿಂಗಳು ದಾಟಿದ ಮಗು ಸಂಜೆ ಐದೂವರೆ ತನಕ ಮಲಗಿದರೆ ರಾತ್ರಿ ಹನ್ನೊಂದಕ್ಕೂ ಆಟ ಆಡುತ್ತದೆ. ಎಬ್ಬಿಸಲೇಬೇಕಾದರೆ ಪರದೆ ಸರಿಸಿ, ಪಾದ ಸವರಿ, ಹೆಸರು ಹಿಡಿದು ಮೆಲ್ಲಗೆ ಕರೆಯಿರಿ. ಟಿವಿ ಜೋರು ಮಾಡಿ ಎಬ್ಬಿಸಿದಿರೋ, ರಾತ್ರಿ ಊಟದ ತನಕ ಅದರ ರಾಗ ನೀವೇ ಕೇಳಿ.