ಮಗಳು ಎಷ್ಟೊತ್ತಿಗೆ ಇಳೀತಾಳೆ? ವಿಮಾನದ ದೂರ, ಹೊತ್ತಿನ ಲೆಕ್ಕ

ಮಗಳು ಮೊದಲ ಸಲ ಬೆಂಗಳೂರಿನಿಂದ ನೇರವಾಗಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟದ್ದು ಚಳಿಗಾಲದಲ್ಲಿ. ಟಿಕೆಟ್ಟಿನಲ್ಲಿ ಹೊರಡುವುದು ಮಧ್ಯಾಹ್ನ 2, ತಲುಪುವುದು ಅದೇ ದಿನ ಸಂಜೆ 4.30 ಎಂದಿತ್ತು. ನಾನು ಶಾಲೆಯಿಂದ ಬರುವಷ್ಟರಲ್ಲಿ ಅತ್ತೆ ಫೋನಿನ ಪಕ್ಕ ಕೂತಿದ್ದರು. ಕರೆ ಬಂದದ್ದು ಮರುದಿನ ಬೆಳಿಗ್ಗೆ ಆರಕ್ಕೆ. ಎಷ್ಟು ಹೇಳಿದರೂ ಅವರು ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಹೀಗೆ ಕಾಯುವವರಿಗಾಗಿ ಈ ಲೆಕ್ಕ ಬರೆಯುತ್ತಿದ್ದೇನೆ.

ಮೊದಲು ದೂರ. ದೆಹಲಿಯದು ಬಹಳ ಸುಲಭ, ಏಕೆಂದರೆ ಅದು ಬೆಂಗಳೂರಿಗೆ ಹೆಚ್ಚುಕಡಿಮೆ ನೇರ ಉತ್ತರಕ್ಕಿದೆ. ಎರಡರ ರೇಖಾಂಶವೂ 77ರ ಆಸುಪಾಸು. ದೇವನಹಳ್ಳಿಯ ಅಕ್ಷಾಂಶ 13.2, ದೆಹಲಿ ವಿಮಾನ ನಿಲ್ದಾಣದ್ದು 28.6. ಕಳೆದರೆ 15.4. ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿ.ಮೀ., ಗುಣಿಸಿದರೆ ಸುಮಾರು 1,710 ಕಿ.ಮೀ.

ಓರೆಯಾಗಿರುವ ಊರುಗಳಿಗೆ ಗ್ಲೋಬ್ ಮತ್ತು ದಾರ ಬೇಕು. ಗೋಡೆಯ ಭೂಪಟದಲ್ಲಿ ಅಳೆಯಬೇಡಿ, ಅದು ಉರುಟು ಭೂಮಿಯನ್ನು ಚಪ್ಪಟೆ ಮಾಡಿದ್ದು. ನಮ್ಮ ಶಾಲೆಯ ಗ್ಲೋಬಿನ ಅಡ್ಡಳತೆ 30 ಸೆಂ.ಮೀ., ಸುತ್ತಳತೆ 94. ಭೂಮಿಯ ಸುತ್ತಳತೆ 40,000 ಕಿ.ಮೀ. ಆದ್ದರಿಂದ ಒಂದು ಸೆಂ.ಮೀ. ದಾರ ಎಂದರೆ 425 ಕಿ.ಮೀ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರ ಬಿಗಿಹಿಡಿದರೆ 33 ಸೆಂ.ಮೀ., ಅಂದರೆ ಸುಮಾರು 14,000 ಕಿ.ಮೀ. ಆಗ ದಾರ ಉತ್ತರ ಧ್ರುವದ ಕಡೆಗೆ ಬಾಗುವುದನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಅಲ್ಲಿಂದ ಬೆಂಗಳೂರಿಗೆ ಧ್ರುವದ ಮೇಲಿನಿಂದ ವಿಮಾನ ತಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇನ್ನು ಹೊತ್ತು. ದೇಶದೊಳಗಿನ ವಿಮಾನಕ್ಕೆ ಗಂಟೆಗೆ 830 ಕಿ.ಮೀ., ದೂರ ಹೋಗುವ ದೊಡ್ಡ ವಿಮಾನಕ್ಕೆ 900 ಹಿಡಿಯಿರಿ. ಭಾಗಿಸಿ ಬಂದದ್ದಕ್ಕೆ ರನ್‌ವೇಗೆ ಹೋಗುವುದು, ಏರುವುದು, ಇಳಿಯುವುದಕ್ಕೆಂದು ಅರ್ಧದಿಂದ ಮುಕ್ಕಾಲು ಗಂಟೆ ಸೇರಿಸಿ. ದೆಹಲಿಗೆ ಎರಡೂಮುಕ್ಕಾಲು ಗಂಟೆ ಆಯಿತು. ಇದನ್ನು ಸೇರಿಸದಿದ್ದರೆ 300 ಕಿ.ಮೀ. ದೂರದ ಮಂಗಳೂರಿಗೆ ಇಪ್ಪತ್ತೆರಡೇ ನಿಮಿಷ ಬರುತ್ತದೆ. ಟಿಕೆಟ್ಟಿನಲ್ಲಿ ಒಂದು ಗಂಟೆ ಇರುತ್ತದೆ.

ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ಹಾಗಾಗಿ 8,000 ಕಿ.ಮೀ. ದೂರದ ಲಂಡನ್ನಿಗೆ ಹೋಗುವುದಕ್ಕಿಂತ ಅಲ್ಲಿಂದ ಬರುವುದು ಬೇಗ.

ಕೊನೆಗೆ ಗಡಿಯಾರ. ಟಿಕೆಟ್ಟಿನಲ್ಲಿ ಆಯಾ ಊರಿನ ಸಮಯವೇ ಇರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಹನ್ನೆರಡೂವರೆ. ಸಂಜೆ 4.30ಕ್ಕೆ ಹದಿಮೂರೂವರೆ ಕೂಡಿಸಿ: ಮರುದಿನ ಬೆಳಿಗ್ಗೆ 6. ಮಧ್ಯಾಹ್ನ 2ರಿಂದ ಹದಿನಾರು ಗಂಟೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಫೋನಿನ ಮೇಲೆ ಅಂಟಿಸಿದ್ದೇನೆ.

ಅವಳು ಊರಿಗೆ ಬರುವಾಗ ಹಾಸನದಿಂದ ದೇವನಹಳ್ಳಿಗೆ ಕಾರಿನಲ್ಲಿ ನಾಲ್ಕು ಗಂಟೆ. ಇಳಿದ ಮೇಲೆ ಇಮಿಗ್ರೇಶನ್, ಲಗೇಜು ಅಂತ ಅವಳಿಗೂ ಒಂದು ಗಂಟೆ ಬೇಕು. ವಿಮಾನ ಇಳಿಯುವ ಹೊತ್ತಿಗೆ ಮೂರು ಗಂಟೆ ಮುಂಚೆ ಮನೆ ಬಿಟ್ಟರೆ ಸರಿಹೋಗುತ್ತದೆ. ಅತ್ತೆಗಾಗಿ ನಾವು ನಾಲ್ಕು ಗಂಟೆ ಮುಂಚೆಯೇ ಹೊರಡುತ್ತೇವೆ.